ಹಗೇವಿಗೆ ಇಳಿದ ಸಾಮಾನು

ಮೊನ್ನೆ ಬೆಲ್ಲದ ಡಬ್ಬಿ ಹುಡುಕುತ್ತ ಅಡುಗೆಕಟ್ಟೆಯ ಕೆಳಗೆ ಕೈ ಹಾಕಿದೆ. ಬೆಲ್ಲ ಸಿಗಲಿಲ್ಲ, ಮುಚ್ಚಳಗಳು ಸಿಕ್ಕವು. ಒಂದರ ಹಿಂದೊಂದು ಹನ್ನೊಂದು. ಅವುಗಳ ಡಬ್ಬಿಗಳು ಯಾವ ಕಾಲದಲ್ಲಿ ಯಾರ ಮನೆ ಸೇರಿದವೋ ಗೊತ್ತಿಲ್ಲ. ನಾನೂ ಹಠದವಳು. ಮನೆಯಲ್ಲಿದ್ದ ಡಬ್ಬಿಗಳನ್ನೆಲ್ಲ ಸಾಲಾಗಿ ನಿಲ್ಲಿಸಿ ಪ್ರತಿಯೊಂದರ ಮೇಲೂ ಒಂದೊಂದು ಮುಚ್ಚಳ ಇಟ್ಟು ನೋಡಿದೆ. ಹುಡುಗಿಗೆ ವರ ಹುಡುಕುವಷ್ಟು ತಾಳ್ಮೆಯಿಂದ ಹುಡುಕಿದರೂ ಒಂದು ಜೋಡಿಯೂ ಕೂಡಲಿಲ್ಲ. ಅಷ್ಟರಲ್ಲಿ ಊಟದ ಹೊತ್ತಾಗಿತ್ತು. ಮೊಮ್ಮಗಳು ಬಂದು, "ಅಜ್ಜೀ, ಇವನ್ನ ಹೊರಗ ಒಗದು ಬರಲೇನು?" ಎಂದಳು. ನಾನು ತಟ್ಟನೆ, "ಇರಲಿ, ಬೇಕಾಗತಾವ" ಎಂದೆ.

ಅಂದ ಮೇಲೆ ನನಗೇ ನಗು ಬಂತು. ಅದು ನನ್ನ ಮಾತೇ ಅಲ್ಲ. ಅರವತ್ತು ವರ್ಷಗಳ ಹಿಂದೆ ಕುಷ್ಟಗಿಯಲ್ಲಿ ನನ್ನ ಅತ್ತೆ ದಿನಕ್ಕೆ ಹತ್ತು ಸಲ ಆಡುತ್ತಿದ್ದ ಮಾತು. ಆ ಒಂದು ಮಾತಿನಿಂದ ನನ್ನ ಸಂಸಾರವೇ ಮುರಿದು ಬೀಳುವುದರಲ್ಲಿತ್ತು. ಈಗ ಭಾಗ್ಯನಗರದ ಮಗನ ಮನೆಯಲ್ಲಿ ಕೂತು ಅದನ್ನೇ ನಾನು ಆಡುತ್ತಿದ್ದೇನೆ. ಮನುಷ್ಯರು ಮುದುಕರಾದ ಹಾಗೆ ಯಾರನ್ನು ಕಂಡು ಹೆದರುತ್ತಿದ್ದರೋ ಅವರೇ ಆಗಿಬಿಡುತ್ತಾರೆಂದು ಕಾಣುತ್ತದೆ.

ನಾನೇನು ಸಾಮಾನಿನ ಮನೆಯಲ್ಲಿ ಹುಟ್ಟಿದವಳಲ್ಲ. ನನ್ನ ತವರು ಯಲಬುರ್ಗಿ. ಅಪ್ಪ ಮನೆಯ ಪಡಸಾಲೆಯಲ್ಲೇ ಕನ್ನಡ ಸಾಲಿ ನಡೆಸುತ್ತಿದ್ದರು. ಸರಕಾರದ ಸಾಲಿಯಲ್ಲಿ ಉರ್ದು ಕಲಿತು ಬಂದ ಹುಡುಗರು ಸಂಜೆ ನಮ್ಮಲ್ಲಿ ಕನ್ನಡ ತಿದ್ದುತ್ತಿದ್ದರು. ಆ ಮಂದಿಯ ಹಿಂದೆ ಕೂತು ನಾನೂ ನಾಲ್ಕು ಅಕ್ಷರ ಕಲಿತೆ. ಮನೆಯಲ್ಲಿ ಒಂದು ಟ್ರಂಕು, ಒಂದು ಜಮಖಾನ, ಎರಡು ಕೊಡ, ಆರು ತಟ್ಟೆ, ಒಂದು ಕಂದೀಲು. ಇಷ್ಟರಲ್ಲಿ ಐದು ಮಂದಿಯ ಸಂಸಾರ ಸುಖವಾಗಿ ನಡೆದಿತ್ತು. ಏಳನೆಯವರು ಊಟಕ್ಕೆ ಬಂದರೆ ಪಕ್ಕದ ಮನೆಯ ತಟ್ಟೆ ಬರುತ್ತಿತ್ತು. ತರುವ ಕೆಲಸ ನನ್ನದು.

ಇಸಿದುಕೊಂಡು ಬರುವುದರಲ್ಲಿ ನಾನು ಗಟ್ಟಿಗಿತ್ತಿ. ತಟ್ಟೆ, ಮಜ್ಜಿಗೆ, ಸೂಜಿ, ಕರಿಬೇವು ಎಲ್ಲ ಸರಿ, ಬೆಂಕಿಯನ್ನೂ ತರುತ್ತಿದ್ದೆ. ಆಗ ಕಡ್ಡಿಪೆಟ್ಟಿಗೆ ಸುಲಭಕ್ಕೆ ಸಿಗುತ್ತಿರಲಿಲ್ಲ. ಮುಂಜಾನೆ ಯಾರ ಮನೆಯ ಬೆಳಕಿಂಡಿಯಿಂದ ಹೊಗೆ ಏಳುತ್ತದೋ ಅವರ ಮನೆಗೆ ಒಂದು ಒಣ ಸೆಗಣಿಯ ಕುಳ್ಳಿನ ಚೂರು ಹಿಡಿದು ಓಡುವುದು. ಅವರು ಅದರ ಮೇಲೆ ಒಂದು ಕೆಂಡ ಇಟ್ಟು ಕೊಡುವುದು. ದಾರಿಯುದ್ದಕ್ಕೂ ಉಫ್ ಉಫ್ ಎಂದು ಊದುತ್ತ ಬರಬೇಕು. ಒಮ್ಮೆ ಊದುವ ಭರದಲ್ಲಿ ಕೆಂಡ ಹಾರಿ ಲಂಗದ ಮೇಲೆ ಬಿದ್ದು ಮೂರು ತೂತಾದವು. ಅವ್ವ ಲಂಗಕ್ಕೆ ತೇಪೆ ಹಾಕಲು ಸೂಜಿ ಇಸಿದುಕೊಂಡು ಬಾ ಎಂದು ಮತ್ತೆ ಅದೇ ಮನೆಗೆ ಕಳಿಸಿದಳು. ಕೇಳುವುದರಲ್ಲಿ ನಾಚಿಕೆಪಡುವಂಥದ್ದು ಏನಾದರೂ ಇದೆಯೆಂದು ನನಗೆ ಹದಿನಾರು ವರ್ಷದವರೆಗೆ ಗೊತ್ತೇ ಇರಲಿಲ್ಲ.

ಹದಿನಾರಕ್ಕೆ ಕುಷ್ಟಗಿಗೆ ಸೊಸೆಯಾಗಿ ಹೋದೆ. ದೊಡ್ಡ ಯುದ್ಧ ನಡೆದಿದ್ದ ಕಾಲ, ಸೀಮೆಎಣ್ಣೆಗೆ ಕೂಡ ತತ್ವಾರ. ಹೊಸ್ತಿಲ ಮೇಲಿಟ್ಟ ಜೋಳದ ಸೇರನ್ನು ಬಲಗಾಲಿನಿಂದ ಒದ್ದು ಒಳಗೆ ಹೋದೆನಲ್ಲ, ಆ ಜೋಳ ಉರುಳಿ ಎಲ್ಲೆಲ್ಲೋ ಹೋಯಿತು. ಆರಿಸಲು ಬಗ್ಗಿದ ಹೆಂಗಸರಿಗೆ ನೆಲವೇ ಸಿಗಲಿಲ್ಲ. "ಇರಲಿ ಬಿಡ್ರಿ" ಎಂದರು ಅತ್ತೆ. ನಾನು ಅವರ ಬಾಯಿಂದ ಕೇಳಿದ ಮೊದಲ ಮಾತು ಅದು.

ಒಂಬತ್ತು ಅಂಕಣದ ಮಾಳಿಗೆ ಮನೆ. ಇದ್ದವರು ಮೂರೇ ಮಂದಿ, ಅತ್ತೆ, ನಮ್ಮವರು, ನಾನು. ಆದರೆ ಕಾಲಿಡಲು ಜಾಗವಿಲ್ಲ. ಗೂಟ ಕಿತ್ತ ಬೀಸುಕಲ್ಲುಗಳು ಮೂರು, ಸವೆದ ಒನಕೆಗಳು ಏಳು, ತಳವಿಲ್ಲದ ಬುಟ್ಟಿಗಳು, ಗಾಜಿಲ್ಲದ ಕಂದೀಲು, ಕಂದೀಲಿಲ್ಲದ ಗಾಜುಗಳು. ತೀರಿಹೋದ ಮಾವನವರ ರುಮಾಲುಗಳು ಒಂದು ಗಂಟು. ಎಂದೋ ಹೊಲಿಯಬೇಕಾದ ಕೌದಿಗಳಿಗಾಗಿ ಕೂಡಿಸಿಟ್ಟ ಹಳೆಯ ಅರಿವೆಯ ಗಂಟುಗಳಂತೂ ನಡುಮನೆಯ ಒಂದು ಗೋಡೆಯನ್ನು ಜಂತಿಯವರೆಗೆ ಮುಚ್ಚಿದ್ದವು. ಪಡಸಾಲೆಯಲ್ಲಿ ಒಂದು ದೊಡ್ಡ ಬಾಗಿಲು ಗೋಡೆಗೆ ಆನಿಸಿ ನಿಂತಿತ್ತು. ಅದು ಯಾವ ಕೋಣೆಯ ಬಾಗಿಲೆಂದು ನಾನು ಎರಡು ದಿನ ಹುಡುಕಿದೆ. ಬಿದ್ದುಹೋದ ಯಾರದೋ ಮನೆಯದಂತೆ. ಮನೆ ಹೋದರೂ ಬಾಗಿಲು ಛಲೋ ಐತಿ, ಬೇಕಾಗತೈತಿ ಎಂದು ಅತ್ತೆ ಹೊರಿಸಿಕೊಂಡು ಬಂದಿದ್ದರು. ಈ ಸಾಮಾನಿನ ನಡುವೆ ನಾನು ಮೈ ಓರೆ ಮಾಡಿ ನಡೆಯುವುದನ್ನು ಕಲಿತೆ. ಮೊದಲ ಪಂಚಮಿಗೆ ತವರಿಗೆ ಹೋದಾಗ ಅವ್ವ, "ಯಾಕ, ಏಡಿ ನಡದಂಗ ನಡೀತಿಯಲ್ಲ?" ಎಂದು ಗಾಬರಿಯಾದಳು.

ಅತ್ತೆಯನ್ನು ಹಾಗೆಂದು ಜಿಪುಣಿ ಎನ್ನಬೇಡಿ. ಓಣಿಯವರೆಲ್ಲ ಏನು ಬೇಕಾದರೂ ನಮ್ಮ ಮನೆಗೇ ಬರುತ್ತಿದ್ದರು. "ಯವ್ವಾ, ಒಂದು ಹಳೇ ಹಗ್ಗ ಐತೇನ್ರಿ?" "ಯವ್ವಾ, ನಮ್ಮ ಕೊಡಲಿ ಕಾವು ಮುರದೈತ್ರಿ." ಅತ್ತೆ ದೀಪ ಕೂಡ ಇಲ್ಲದೆ ಕತ್ತಲ ಕೋಣೆಗೆ ಹೋಗಿ ಒಂದು ಗಳಿಗೆಯಲ್ಲಿ ಅದನ್ನೇ ಹಿಡಿದು ಹೊರಗೆ ಬರುತ್ತಿದ್ದರು. ಆಗ ಅವರ ಮುಖ ನೋಡಬೇಕಿತ್ತು. ನಮ್ಮ ಬಾಗಿಲಿಂದ ಯಾರೂ ಬರಿಗೈಯಲ್ಲಿ ಹೋಗಿಲ್ಲವೆಂದು ಅವರು ಹೇಳಿದರೆ ಅದರಲ್ಲಿ ಒಂದು ಎಳೆಯಷ್ಟೂ ಸುಳ್ಳಿರಲಿಲ್ಲ.

ಒಂದು ದಿನ ಬೇಳೆಯಲ್ಲಿ ಕಲ್ಲು ಆರಿಸುತ್ತ ಅವರೇ ಹೇಳಿದರು. ಇಪ್ಪತ್ತೆರಡನೆಯ ವಯಸ್ಸಿಗೆ ಗಂಡ ತೀರಿಹೋಗಿದ್ದ, ಮಡಿಲಲ್ಲಿ ಒಂದು ಕೂಸು. ಹಿಟ್ಟು ಜರಡಿ ಹಿಡಿಯಲು ಸಾಣಿಗೆ ಬೇಕೆಂದು ಗಂಡನ ಅಣ್ಣನ ಮನೆಗೆ ಹೋದರು. ಅವರು ಊಟಕ್ಕೆ ಕೂತಿದ್ದರು. ಇವರು ಕಂಬದ ಹತ್ತಿರ ನಿಂತರು. ಊಟವಾಯಿತು, ಕೈ ತೊಳೆದದ್ದಾಯಿತು, ಎಲೆಅಡಿಕೆಯೂ ಆಯಿತು. ಯಾರೂ ಕೂಡು ಎನ್ನಲಿಲ್ಲ. ಕಡೆಗೆ ನೆಗೆಣ್ಣಿ, "ಸಾಣಿಗಿ ಹರದೈತಿ" ಎಂದಳು. "ಕಣ್ಣ ಮುಂದ ಗ್ವಾಡಿಗೆ ತೂಗ್ಯಾಡಾಕ ಹತ್ತಿತ್ತು, ಗಂಗೀ. ಒಂದು ತೂತು ಇರಲಿಲ್ಲ ಅದಕ್ಕ. ಅವತ್ತ ಅಂದುಕೊಂಡೆ, ಸತ್ತರೂ ಇನ್ನೊಬ್ಬರ ಬಾಗಿಲಿಗೆ ಹೋಗಿ ನಿಂದ್ರೂದಿಲ್ಲ ಅಂತ." ಹೀಗೆಂದು ಅವರು ಮೊರದಲ್ಲಿದ್ದ ಕಲ್ಲುಗಳನ್ನು ಕೂಡ ಒಗೆಯದೆ ಒಂದು ಚಿಪ್ಪಿಗೆ ಹಾಕಿಟ್ಟರು.

ವರ್ಷ ತುಂಬುವುದರೊಳಗೆ ನನಗೆ ದಮ್ಮು ಹತ್ತಿತು. ತವರಲ್ಲಿ ಹಾದಿಯುದ್ದಕ್ಕೂ ಕೆಂಡ ಊದಿಕೊಂಡು ಓಡುತ್ತಿದ್ದವಳಿಗೆ ಈಗ ಒಲೆ ಊದಲು ಉಸಿರಿಲ್ಲ. ಗಂಟುಗಳ ಆ ಗೋಡೆಯ ಬದಿಗೆ ನನ್ನ ಹಾಸಿಗೆ. ನಸುಕಿನಲ್ಲಿ ಎದ್ದು ಕೂತು, ಎರಡೂ ಕೈ ನೆಲಕ್ಕೂರಿ, ಎದೆಯಲ್ಲಿ ಸಿಳ್ಳೆ ಹಾಕುತ್ತ ಬೆಳಕಾಗುವುದನ್ನು ಕಾಯುತ್ತಿದ್ದೆ. ಅತ್ತೆ ಆಡುಸೋಗೆಯ ರಸ ಕುಡಿಸಿದರು, ಎದೆಗೆ ಬಿಸಿ ಎಣ್ಣೆ ತಿಕ್ಕಿದರು, ಹರಕೆ ಹೊತ್ತರು. ನಮ್ಮವರು ಕೊಪ್ಪಳದ ದವಾಖಾನೆಗೆ ಕರೆದುಕೊಂಡು ಹೋದರು. ಡಾಕ್ಟರು ಎದೆಗೆ ನಳಿಗೆ ಹಚ್ಚಿ ಕೇಳಿ, "ಧೂಳು ಬ್ಯಾಡ. ಗಾಳಿ ಆಡೂವಂಥಾ ಖಾಲಿ ಕೋಣಿಯೊಳಗ ಮಲಗಸ್ರಿ" ಎಂದರು. ಖಾಲಿ ಕೋಣೆ! ನಾವಿಬ್ಬರೂ ಒಬ್ಬರ ಮುಖ ಒಬ್ಬರು ನೋಡಿಕೊಂಡೆವು. ಅದರ ಬದಲು ಹುಲಿಯ ಹಾಲು ತನ್ನಿ ಎಂದಿದ್ದರೆ ನಮ್ಮವರು ಹೇಗಾದರೂ ತರುತ್ತಿದ್ದರು.

ಅವರು ತಹಸೀಲ ಕಚೇರಿಯ ಮುಂದೆ ಕೂತು ಮಂದಿಗೆ ಉರ್ದುವಿನಲ್ಲಿ ಅರ್ಜಿ ಬರೆದುಕೊಡುತ್ತಿದ್ದರು. ಅರ್ಧ ತಾಲೂಕಿನ ತಕರಾರನ್ನು ನಿಜಾಮರ ಸರಕಾರಕ್ಕೆ ಮುಟ್ಟಿಸಿದ ಮನುಷ್ಯನಿಗೆ ಸ್ವಂತ ತಾಯಿಯ ಮುಂದೆ ಒಂದು ಅರ್ಜಿ ಇಡಲು ಬಾಯಿ ಬರುತ್ತಿರಲಿಲ್ಲ. ಒಮ್ಮೆ ಧೈರ್ಯ ಮಾಡಿ, "ಯವ್ವಾ, ಆ ಅರಿವಿ ಗಂಟು ಹೊರಗ ಹಾಕೂಣೇನು?" ಎಂದರು. ಅತ್ತೆ ಬೈಯಲಿಲ್ಲ. ಅವತ್ತು ಊಟ ಮಾಡಲಿಲ್ಲ, ಅಷ್ಟೆ. ಮರುದಿನ ಅರ್ಜಿ ವಾಪಸಾಯಿತು.

ಆಮೇಲೆ ಗಂಗಾವತಿಯಿಂದ ದೊಡ್ಡವ್ವ ಬಂದರು. ಅತ್ತೆಯ ಅಕ್ಕ, ಮಾತಿನಲ್ಲಿ ಜೋರು. ಮೂರು ದಿನ ನನ್ನ ಸಿಳ್ಳೆ ಕೇಳಿ ನಾಲ್ಕನೆಯ ದಿನ ಪಡಸಾಲೆಯಲ್ಲಿ ಕೂತು ತಂಗಿಗೆ ಹೇಳಿದರು. ನಾನು ಒಳಗೆ ಗಂಟುಗಳ ಮರೆಯಲ್ಲಿದ್ದೆ. ಆ ಮನೆಯಲ್ಲಿ ಕದ್ದು ಕೇಳುವುದು ತಪ್ಪಾಗಿರಲಿಲ್ಲ, ಎಲ್ಲಿ ನಿಂತರೂ ಮರೆಯೇ.

"ಈ ಹುಡುಗಿಗೆ ಈ ಮನಿ ಒಗ್ಗವಲ್ದು, ತಂಗಿ. ನಿನ್ನ ಸಾಮಾನಿಗೂ ಅಕಿಗೂ, ಎರಡಕ್ಕೂ ಈ ಮನ್ಯಾಗ ಜಾಗಾ ಇಲ್ಲ. ಇದ್ದೊಬ್ಬ ಮಗ ನಿನಗ. ಅಕಿನ್ನ ತವರಿಗೆ ಕಳಿಸು. ನಮ್ಮ ಗಂಗಾವತ್ಯಾಗ ಒಂದು ಹುಡುಗಿ ನೋಡೀನಿ, ಕಲ್ಲು ತಿಂದು ಕರಗಸೂವಂಥಾಕಿ."

ಅತ್ತೆ, "ನೋಡೂಣು" ಎಂದರು.

ತವರಿಗೆ ಹೋದರೆ ಉಸಿರು ಬರುತ್ತದೆಂದು ನನಗೆ ಗೊತ್ತಿತ್ತು. ಆದರೆ ಗಂಡ ಬಿಟ್ಟವಳೆಂದು ಅಪ್ಪನ ಪಡಸಾಲೆಯ ಮೂಲೆಯಲ್ಲಿ ಕೂತು ಆಡುವ ಉಸಿರು ಯಾರಿಗೆ ಬೇಕು? ನಮ್ಮವರೆಂದರೆ ನನಗೆ ಪ್ರಾಣ. ಈಗ ಈ ವಯಸ್ಸಿನಲ್ಲಿ ಬರೆಯಲು ನಾಚಿಕೆ ಯಾಕೆ? ಆಗ ಯಾರ ಮುಂದೆಯೂ ಹೇಳುವ ಹಾಗಿರಲಿಲ್ಲ. ಮುಂದೆ ಕೆಮ್ಮು ಬಂದರೆ ಸೆರಗನ್ನು ಬಾಯಿಗೆ ತುರುಕಿಕೊಂಡು ಹಿತ್ತಲಿಗೆ ಓಡುವುದನ್ನು ರೂಢಿ ಮಾಡಿಕೊಂಡೆ.

ಹೀಗಿರುವಾಗ ದಸರೆ ಮುಗಿದ ಹೊಸದರಲ್ಲಿ ಊರಲ್ಲಿ ಇಲಿ ಬಿತ್ತು. ಈಗಿನವರಿಗೆ ಈ ಮಾತು ತಿಳಿಯಲಿಕ್ಕಿಲ್ಲ. ಮನೆಯೊಳಗೆ ಇಲಿ ತಾನಾಗಿ ಸತ್ತು ಬಿದ್ದರೆ ಪ್ಲೇಗು ಬಂತೆಂದು ಅರ್ಥ. ಡಂಗುರವಾಗುತ್ತದೆ, ಊರಿಗೆ ಊರೇ ಬಾಗಿಲು ಹಾಕಿಕೊಂಡು ಹೊಲಗಳಲ್ಲಿ ಗುಡಿಸಲು ಕಟ್ಟಿಕೊಂಡು ಇರಬೇಕು, ತಿಂಗಳುಗಟ್ಟಲೆ. ನಮ್ಮ ಪಾಲಿಗೆ ಒಂದು ದಿನಕ್ಕೆ ಒಂದು ಚಕ್ಕಡಿ ಸಿಕ್ಕಿತು. ಅತ್ತೆ ಅದಕ್ಕೆ ಮೊದಲು ಏರಿಸಿದ್ದು ಆ ಬಾಗಿಲನ್ನು. ಮೇಲೆ ಬೀಸುಕಲ್ಲು. ಅದರ ಮೇಲೆ ಗಂಟುಗಳು. ಚಕ್ಕಡಿ ಹೊಡೆಯುವ ಯಮನಪ್ಪ ಕೈ ಮುಗಿದು, "ಯವ್ವಾ, ಪ್ಲೇಗಿಗೆ ಮಂದಿ ಸಾಯಾಕ ಹತ್ಯಾರ್ರಿ, ನನ್ನ ಎತ್ತು ಇದಕ್ಕ ಸಾಯತಾವ" ಎಂದ. ಎಲ್ಲ ಇಳಿಸಿದ್ದಾಯಿತು. ಕಡೆಗೆ ಚಕ್ಕಡಿಯಲ್ಲಿ ಉಳಿದದ್ದು ದೇವರ ಪೆಟ್ಟಿಗೆ, ನಾಲ್ಕು ಪಾತ್ರೆ, ಒಂದು ಬೀಸುಕಲ್ಲು, ಜೋಳದ ಚೀಲ, ಹಾಸಿಗೆ, ನಾವು.

ಹಾಗಾದರೆ ಉಳಿದ ಸಾಮಾನಿನ ಗತಿಯೇನು? ಖಾಲಿ ಊರಲ್ಲಿ ಕಳ್ಳರಿಗೆ ಹಬ್ಬ. ಕದಿಯುವಂಥದ್ದು ಅದರಲ್ಲಿ ಏನಿತ್ತೋ ಆ ಕಳ್ಳರೇ ಹೇಳಬೇಕು, ಆದರೂ ಅತ್ತೆಯ ಜೀವ ನಿಲ್ಲಲಿಲ್ಲ. ಅಂಗಳದಲ್ಲಿ ಹಗೇವು ಖಾಲಿ ಇತ್ತು. ಹಗೇವೆಂದರೆ ಜೋಳ ತುಂಬಿಡಲು ನೆಲದಲ್ಲಿ ತೋಡಿದ ಕಣಜ, ಒಬ್ಬರು ಇಳಿಯುವಷ್ಟು ಬಾಯಿ, ಒಳಗೆ ಗಡಿಗೆಯ ಹಾಗೆ ದೊಡ್ಡ ಹೊಟ್ಟೆ. ಸಾಮಾನನ್ನೆಲ್ಲ ಅದರಲ್ಲಿ ಇಳಿಸುವುದೆಂದಾಯಿತು. ನಮ್ಮವರು ಒಳಗಿಳಿದರು, ನಾನು ಒಂದೊಂದಾಗಿ ಕೊಡುತ್ತಿದ್ದೆ, ಅತ್ತೆ ಬದಿಗೆ ನಿಂತು ಪ್ರತಿಯೊಂದರ ಕುಲಗೋತ್ರ ಹೇಳುತ್ತಿದ್ದರು. ಇದು ನಿಮ್ಮಪ್ಪನ ರುಮಾಲು, ಹಗೂರಕ ಇಡು. ಇದು ನಿನ್ನ ತೊಟ್ಟಲದ ಹಗ್ಗ. ನಮ್ಮವರು ಒಳಗಿನಿಂದ ಹೂಂ ಹೂಂ ಎನ್ನುತ್ತಿದ್ದರು. ಬಾಗಿಲೊಂದು ಹಗೇವಿನ ಬಾಯಲ್ಲಿ ಹಿಡಿಸದೆ ಪಡಸಾಲೆಯಲ್ಲೇ ಉಳಿಯಿತು. ಗಂಟುಗಳನ್ನು ಎತ್ತಿ ಎತ್ತಿ ನನಗೆ ಮಧ್ಯಾಹ್ನದ ಹೊತ್ತಿಗೆ ದಮ್ಮು ಏರಿತು.

ಹಗೇವನ್ನು ಮುಚ್ಚುವುದಕ್ಕೊಂದು ಕ್ರಮವಿದೆ. ಹಾಸುಗಲ್ಲು ಎಳೆದ ಮೇಲೆ ಅದರ ಸುತ್ತ ದಪ್ಪಕ್ಕೆ ಬೂದಿ, ಬೂದಿಯ ಮೇಲೆ ಜೋಳದ ಕಣಿಕೆಯ ಹೊದಿಕೆ, ಅದರ ಮೇಲೆ ಎರೆಮಣ್ಣು ಗಟ್ಟಿಯಾಗಿ ಮೆತ್ತಬೇಕು. ಆಗ ನೀರಿಲ್ಲ, ಗೆದ್ದಲಿಲ್ಲ. ಅತ್ತೆ ಅದನ್ನು ನನಗೆ ಹೇಳಿ ದೇವರ ಪೆಟ್ಟಿಗೆ ತರಲು ಒಳಗೆ ಹೋದರು. ನಮ್ಮವರು ಎತ್ತು ಕಟ್ಟಿಸುತ್ತಿದ್ದರು. ನಾನು ಹಿತ್ತಲಿಗೆ ಹೋಗಿ ಬೂದಿಯ ಗುಡ್ಡೆಗೆ ಬುಟ್ಟಿ ಹಾಕಿದೆ. ಅದು ಭುಸ್ಸೆಂದು ಮೇಲೆದ್ದಿತು. ಉಸಿರು ಕಟ್ಟಿ ಕಣ್ಣು ಕತ್ತಲಾಗಿ ಅಲ್ಲೇ ಕೂತುಬಿಟ್ಟೆ. ಹೊರಗೆ ಯಮನಪ್ಪ ಕೂಗುತ್ತಿದ್ದ. ಇನ್ನೊಮ್ಮೆ ಬುಟ್ಟಿ ಹಾಕುವ ಧೈರ್ಯ ಬರಲಿಲ್ಲ. ದಮ್ಮೆಂದು ಅತ್ತೆಗೆ ಹೇಳೋಣವೆಂದರೆ ಆ "ನೋಡೂಣು" ನೆನಪಾಗುತ್ತಿತ್ತು. ಹಾಗಾಗಿ ಬೂದಿಯೂ ಇಲ್ಲ, ಕಣಿಕೆಯೂ ಇಲ್ಲ, ಕಲ್ಲಿನ ಮೇಲೆ ಬರೀ ಮಣ್ಣು ಎಳೆದು, ಮೇಲೆ ಸೆಗಣಿಯಿಂದ ನುಣ್ಣಗೆ ಸಾರಿಸಿದೆ. ನೋಡಲು ಬಹಳ ಚೆಂದ ಕಾಣುತ್ತಿತ್ತು. ಅತ್ತೆ ಬಂದರು, ಹೆಬ್ಬೆರಳಿನಿಂದ ಒಮ್ಮೆ ಒತ್ತಿದರು, "ನಡಿ" ಎಂದರು.

ಗುಡಿಸಲಿನ ದಿನಗಳ ಬಗ್ಗೆ ಬರೆಯಲು ನನಗೆ ಇಂದಿಗೂ ಸಂಕೋಚ. ಊರಿನಲ್ಲಿ ಸಾವುನೋವು ನಡೆದಿತ್ತು, ಆಚೆಯ ಹೊಲಗಳಿಂದ ಅಳುವ ಧ್ವನಿ ಬರುತ್ತಿತ್ತು. ಅಂಥ ಹೊತ್ತಿನಲ್ಲಿ ನಾನು ಸುಖವಾಗಿದ್ದೆ. ಜೋಳದ ದಂಟಿನ ಗೋಡೆ, ಮೇಲೆ ಹುಲ್ಲು, ಒಳಗೆ ಕಾಲು ಚಾಚಿದರೆ ಯಾವುದೂ ತಾಗುವುದಿಲ್ಲ. ಎಂಟನೆಯ ದಿನವೋ ಒಂಬತ್ತನೆಯ ದಿನವೋ ಹಗ್ಗ ಹರಿದುಕೊಂಡ ಕರುವಿನ ಹಿಂದೆ ಒಂದು ಹೊಲದಷ್ಟು ಓಡಿ, ಅದನ್ನು ಹಿಡಿದು, ತಿರುಗಿ ಬರುವಾಗ ಗಮನಕ್ಕೆ ಬಂತು, ನಾನು ಏದುಸಿರು ಬಿಡುತ್ತಿಲ್ಲ. ಅಲ್ಲೇ ಬದುವಿನ ಮೇಲೆ ಕೂತು ಕರುವಿನ ಕೊರಳು ಅಪ್ಪಿಕೊಂಡು ಅತ್ತುಬಿಟ್ಟೆ. ಎಂಥ ಖುಷಿ ಅದು, ಹೇಗೆ ಹೇಳಲಿ! ನಮ್ಮವರು ಮುಂಜಾನೆ ಎದ್ದು, "ಯಾಕ, ಇವತ್ತ ಸಿಳ್ಳಿ ಇಲ್ಲಲ್ಲ?" ಎಂದು ತಮಾಷೆ ಮಾಡುವಷ್ಟು ಹಗುರಾದರು.

ಗುಡಿಸಲಿನಲ್ಲಿ ಒಂದೇ ಒಂದು ಕೊರತೆ, ಸಾಣಿಗೆ ಇರಲಿಲ್ಲ. ಅತ್ತೆಯ ಹತ್ತಿರ ನಾಲ್ಕು ಸಾಣಿಗೆಗಳಿದ್ದವು, ನಾಲ್ಕೂ ಹಗೇವಿನಲ್ಲಿದ್ದವು. ಮೂರು ದಿನ ತೌಡಿನ ಸಮೇತ ರೊಟ್ಟಿ ಬಡಿದೆ. ನಮ್ಮವರು ಕಣ್ಣು ಮುಚ್ಚಿ ನುಂಗಿದರು. "ನಾ ಹೋಗಿ ಇಸಕೊಂಡು ಬರಲೇನ್ರಿ ಅತ್ತಿ?" ಎಂದೆ. ಅದು ನನಗೆ ಎಡಗೈ ಕೆಲಸ. ಅತ್ತೆ ಒಪ್ಪಲಿಲ್ಲ. ನಾಲ್ಕನೆಯ ದಿನ ಎದ್ದು ಸೆರಗು ಹೊದ್ದು, "ನಾನ ಹೊಕ್ಕೀನಿ" ಎಂದರು.

ಪಕ್ಕದ ಗುಡಿಸಲು ಬಳೆ ಮಾರುವ ಹುಸೇನಬಿಯದು. ನಡುವೆ ನಾಲ್ಕು ಮಾರು ಜಾಗ. ಅಷ್ಟು ದೂರ ನಡೆಯಲು ಅತ್ತೆಗೆ ಎಷ್ಟು ಹೊತ್ತು ಹಿಡಿಯಿತೆಂದರೆ ನನ್ನ ಒಲೆಯ ಮೇಲಿನ ನುಚ್ಚು ಬೆಂದು ಸಿದ್ಧವಾಯಿತು. ಹೋದರು, ನಿಂತರು, ತಿರುಗಿ ಬರಲು ಒಂದು ಹೆಜ್ಜೆ ಇಟ್ಟರು. ಅಷ್ಟರಲ್ಲಿ ಹುಸೇನಬಿ ಹೊರಗೆ ಬಂದಳು. "ಅಯ್ಯ, ಯಾಕ್ರೀ ಯವ್ವಾ ಹೊರಗ ನಿಂತೀರಿ? ಬರ್ರಿ, ಕುಂದರ್ರಿ" ಎಂದು ಕೈ ಹಿಡಿದು ಒಳಗೆ ಎಳೆದುಕೊಂಡಳು. ಬಹಳ ಹೊತ್ತಾದ ಮೇಲೆ ಅತ್ತೆ ಸಾಣಿಗೆ ಹಿಡಿದುಕೊಂಡು ಬಂದರು. ಒಲೆಯ ಮುಂದೆ ಕೂತು ಅದನ್ನು ತಿರುವಿ ತಿರುವಿ ನೋಡಿದರು. "ಕೇಳೂಕಿಂತ ಮೊದಲ ಕುಂದರಿಸಿದಳು, ಗಂಗೀ" ಎಂದರು. ಅವರ ಕಣ್ಣಲ್ಲಿ ನೀರಿತ್ತು. ನಾನು ಒಲೆಯ ಹೊಗೆಯನ್ನು ಬೈದು ಆಚೆ ತಿರುಗಿದೆ.

ಆಮೇಲೆ ಅವರಿಗೆ ಅದರ ರುಚಿ ಹತ್ತಿತು. ನಮ್ಮಲ್ಲಿದ್ದರೂ ಎರಡು ಮೆಣಸಿನಕಾಯಿ ಕೇಳಲು ಹೋಗುವುದು, ಒಂದು ಚಿಟಿಕೆ ಉಪ್ಪಿಗೆ ಹೋಗುವುದು. ಹೋದವರು ಮಧ್ಯಾಹ್ನಕ್ಕೆ ಬರುವುದು. ಇಡೀ ಹೊಲದ ಗುಡಿಸಲುಗಳ ಸುದ್ದಿ ಅವರಿಗೆ ಗೊತ್ತಿರುತ್ತಿತ್ತು.

ಕಾರ್ತೀಕದಲ್ಲಿ ಅಕಾಲದ ಮಳೆ ಹಿಡಿಯಿತು, ಮೂರು ದಿನ ಬಿಡದೆ. ಗುಡಿಸಲು ಸೋರಿತು, ಹಾಸಿಗೆ ಒದ್ದೆಯಾಯಿತು. ಅದಕ್ಕೆ ನನಗೆ ಚಿಂತೆಯಿರಲಿಲ್ಲ. ನನ್ನ ಜೀವವೆಲ್ಲ ಅಂಗಳದ ಹಗೇವಿನ ಬಾಯಲ್ಲಿತ್ತು. ನಮ್ಮವರು ಹೊರಗೆ ಮುಖ ಹಾಕಿ ಮಳೆ ನೋಡುತ್ತ, "ಹಗೇವಿಗೆ ಬೂದಿ ಛಲೋತ್ನಂಗ ಹಾಕೀ ಅಲ್ಲ?" ಎಂದರು. ನಾನು ರೊಟ್ಟಿ ತಟ್ಟುತ್ತ "ಹೂನ್ರಿ" ಎಂದೆ. ಅತ್ತೆ ಒಲೆಗೆ ಕುಳ್ಳು ಮುರಿದು ಹಾಕುತ್ತಿದ್ದರು, ಏನೂ ಅನ್ನಲಿಲ್ಲ. ಆ ರೊಟ್ಟಿ ಹರಿದು ಮೂರು ತುಂಡಾಯಿತು. ಅವತ್ತಿನಿಂದ ನನಗೆ ಉಸಿರು ಸಲೀಸಾಗಿದ್ದರೂ ಊಟ ಇಳಿಯುತ್ತಿರಲಿಲ್ಲ. ದಮ್ಮು ಹೋದರೂ ಸುಳ್ಳು ನನ್ನನ್ನು ತವರಿಗೆ ಕಳಿಸುತ್ತದೆಂದು ಖಾತ್ರಿಯಾಗಿತ್ತು.

ಸಂಕ್ರಾಂತಿ ಮುಗಿಸಿಕೊಂಡು ಊರಿಗೆ ಮರಳಿದೆವು. ನೆಲ ಅಗೆದು ಹೊಸ ಮಣ್ಣು ಬಡಿದು, ಗೋಡೆಗೆ ಸುಣ್ಣ ಹಚ್ಚಿದ್ದಾಯಿತು. ಬೆಳಕಿಂಡಿಯ ಬಿಸಿಲು ನಡುಮನೆಯ ನೆಲದ ಮೇಲೆ ಬಿದ್ದಿತ್ತು. ಆ ಮನೆಗೆ ನೆಲವಿತ್ತೆಂದು ನಾನು ಮೊದಲ ಸಲ ನೋಡಿದೆ. ಮನೆ ಹೊಗುವ ನೆವದಲ್ಲಿ ಗಂಗಾವತಿಯ ದೊಡ್ಡವ್ವನೂ ಬಂದಿಳಿದರು. ಬಂದವರೇ ನನ್ನನ್ನು ಮೇಲಿಂದ ಕೆಳಗೆ ನೋಡಿ, "ಈಗ ಆರಾಮ ಕಾಣತೀ ಖರೆ. ಮನಿಯೊಳಗ ಸಾಮಾನ ತುಂಬಲಿ, ಮತ್ತ ಹಾಡು ಚಾಲೂ ಆಗತೈತಿ" ಎಂದರು. ಅದರಲ್ಲಿ ಅವರದೇನೂ ತಪ್ಪಿಲ್ಲ, ನನಗೂ ಅದೇ ಭಯ. ಹಗೇವು ಚೆನ್ನಾಗಿದ್ದರೆ ಸಾಮಾನು ಒಳಗೆ ಬಂದು ನನ್ನ ಉಸಿರು ಹೋಗುತ್ತದೆ. ಕೆಟ್ಟಿದ್ದರೆ ನನ್ನ ಮಾನ ಹೋಗುತ್ತದೆ. ಯಾವುದಕ್ಕೆ ದೇವರನ್ನು ಬೇಡಿಕೊಳ್ಳಬೇಕೆಂದು ಕೂಡ ತಿಳಿಯಲಿಲ್ಲ.

"ಹಗೇವು ತೆಗೀರಿ" ಎಂದರು ಅತ್ತೆ.

ಕಲ್ಲು ಸರಿಸಿದರೆ ಒಳಗಿಂದ ಬಂದ ನಾತಕ್ಕೆ ಎಲ್ಲರೂ ಮೂಗು ಮುಚ್ಚಿಕೊಂಡು ಹಿಂದೆ ಸರಿದರು. ಬಹಳ ಹೊತ್ತು ಬಾಯಿ ತೆರೆದಿಟ್ಟು, ಹಗ್ಗಕ್ಕೆ ಕಂದೀಲು ಕಟ್ಟಿ ಇಳಿಬಿಟ್ಟು, ಅದು ಆರಲಿಲ್ಲವೆಂದು ಖಾತ್ರಿಯಾದ ಮೇಲೆ ನಮ್ಮವರು ಇಳಿದರು. ಮೊದಲು ಮೇಲೆ ಬಂದದ್ದು ರುಮಾಲಿನ ಗಂಟು. ಕೈ ಹಚ್ಚಿದರೆ ಕರಿಯ ಕೆಸರಿನ ಹಾಗೆ ಬಿಚ್ಚಿಕೊಂಡಿತು. ಅರಿವೆಯ ಗಂಟುಗಳಲ್ಲಿ ಅರಿವೆಯೇ ಇರಲಿಲ್ಲ, ಗೆದ್ದಲು ಹುತ್ತ ಕಟ್ಟಿತ್ತು. ಬುಟ್ಟಿ, ಒನಕೆ, ತೊಟ್ಟಿಲ ಹಗ್ಗ, ನಾಲ್ಕೂ ಸಾಣಿಗೆ, ಒಂದೂ ಉಳಿದಿರಲಿಲ್ಲ. ಬೀಸುಕಲ್ಲುಗಳು ಮಾತ್ರ ಇದ್ದ ಹಾಗೇ ಇದ್ದವು.

ದೊಡ್ಡವ್ವ ಎದೆ ಬಡಿದುಕೊಂಡರು. "ಅಯ್ಯೋ, ಯಾರ ಮುಚ್ಚಿದ್ದು ಈ ಹಗೇವು? ಬೂದಿ ಎಲ್ಲೈತಿ? ಒಂದು ಹಿಡಿ ಬೂದಿ ಇಲ್ಲಲ್ಲೋ ಇದಕ್ಕ!"

ನಮ್ಮವರು ಹಗೇವಿನ ಬಾಯಿಂದ ತಲೆ ಎತ್ತಿ ನನ್ನ ಕಡೆ ನೋಡಿದರು. ಇನ್ನೊಂದು ಸುಳ್ಳು ಹೇಳುವ ಶಕ್ತಿ ಇರಲಿಲ್ಲ. "ನಾನ್ರಿ" ಎಂದೆ. "ಬೂದಿ ತುಂಬಾಕ ಹೋದ್ರ ದಮ್ಮು ಬಂತ್ರಿ. ಬರೇ ಮಣ್ಣ ಮೆತ್ತಿದ್ನಿ. ಕೇಳಿದಾಗ ಸುಳ್ಳು ಹೇಳಿದ್ನಿ. ತಪ್ಪಾತ್ರಿ ಅತ್ತಿ."

ಅತ್ತೆ ಗಂಡನ ರುಮಾಲಿದ್ದ ಆ ಕೆಸರಿನ ಮುಂದೆ ಕೂತಿದ್ದರು. ತಲೆ ಎತ್ತಲಿಲ್ಲ.

"ನನಗ ಗೊತ್ತಿತ್ತು" ಎಂದರು. "ಅವತ್ತ ಬೆರಳಿಲೆ ಒತ್ತಿ ನೋಡಿದ್ನಿ. ಒಳಗ ಟೊಳ್ಳ ಇತ್ತು."

ದೊಡ್ಡವ್ವ ತಂಗಿಯ ಕಡೆ ತಿರುಗಿದರು. "ಗೊತ್ತಿದ್ದೂ ಸುಮ್ಮಕ ಬಂದೇನು? ಹುಚ್ಚೀ ಏನು ನೀ?"

"ನನ್ನ ಕೈಲೆ ಒಗಿಯೂದು ಆಗತಿರಲಿಲ್ಲ, ಅಕ್ಕಾ" ಎಂದರು ಅತ್ತೆ. ಮಣ್ಣಾದ ಕೈಯನ್ನು ಸೆರಗಿಗೆ ಒರೆಸಿಕೊಂಡು, ಮತ್ತೆ ಅಂದರು: "ನೀನ ಹೇಳಿದ್ದಿ, ಈ ಮನ್ಯಾಗ ಎರಡಕ್ಕೂ ಜಾಗಾ ಇಲ್ಲ ಅಂತ. ಒಂದು ಹೊರಗ ಹೋಗಬೇಕಾಗಿತ್ತು. ಕಳಿಸೀನಿ."

ನಾನು ಅಲ್ಲೇ ಕುಸಿದು ಕೂತು ಅಳಲು ಶುರು ಮಾಡಿದೆ. ಅತ್ತೆ ನನ್ನನ್ನು ಸಮಾಧಾನ ಮಾಡಲಿಲ್ಲ, ಅದು ಅವರ ಸ್ವಭಾವವಲ್ಲ. ಮಗನಿಗೆ, "ನೋಡಕೋಂತ ಯಾಕ ನಿಂತಿ? ಎಲ್ಲಾ ತಗದು ತಿಪ್ಪಿಗೆ ಹಾಕು. ಸುಗ್ಗಿ ಜ್ವಾಳ ಬರತಾವ, ಹಗೇವು ಬೇಕು" ಎಂದು ಗದರಿಸಿದರು. ದೊಡ್ಡವ್ವ ಮರುದಿನ ಗಂಗಾವತಿಗೆ ಹೊರಟುಹೋದರು. ಆ ಇನ್ನೊಂದು ಹುಡುಗಿಯ ಮಾತನ್ನು ಮುಂದೆ ಯಾರೂ ಎತ್ತಲಿಲ್ಲ.

ಅವತ್ತು ಮಧ್ಯಾಹ್ನ ಊಟವಾದ ಮೇಲೆ ಅತ್ತೆ ನಡುಮನೆಯ ಬರಿ ನೆಲದ ಮೇಲೆ ಸೆರಗು ಹಾಸಿ ಮಲಗಿ, ಕಾಲು ಪೂರ್ತಿ ಚಾಚಿದರು. ಅವರು ಹಾಗೆ ಮಲಗಿದ್ದನ್ನು ನಾನು ಕಂಡಿದ್ದೇ ಇಲ್ಲ. ನಾನು ಗಂಟುಗಳಿದ್ದ ಆ ಗೋಡೆಗೆ ಬೆನ್ನು ಹಚ್ಚಿ ಕೂತೆ. ಹೊಸ ಸುಣ್ಣದ ತಣ್ಣಗಿನ ವಾಸನೆ. ಹೊಟ್ಟೆಯಿಂದ ಮೇಲಕ್ಕೆ ಒಂದು ಉಸಿರು ಎಳೆದುಕೊಂಡೆ, ಎಲ್ಲೂ ತಡೆಯಲಿಲ್ಲ. ಸದ್ದು ಕೇಳಿ ಅತ್ತೆ ಕಣ್ಣು ತೆರೆದರು.

"ಏನು, ದಮ್ಮು ಬಂತೇನು?"

"ಇಲ್ರಿ ಅತ್ತಿ. ಸುಮ್ಮನ ಉಸಿರು ತಗೊಂಡೆ."

"ತಗೋ" ಎಂದು ಅತ್ತೆ ಮಗ್ಗುಲು ಬದಲಿಸಿದರು. "ಈಗ ಜಾಗಾ ಐತಿ."